ಆಷಾಢದ ಪಟ್ಟಿ

ಜೂನ್ 22, 2025, ಭಾನುವಾರ

ಅಂತೂ ಮನೆ ಮಾರುವ ಮಾತು ಮುಗಿಯಿತು. ಗುರುವಾರದಿಂದ ಆಷಾಢ ಹಿಡಿಯುತ್ತದೆ, ಅದಕ್ಕೆ ಮೊದಲು ಅಡ್ವಾನ್ಸ್ ಕೊಟ್ಟುಬಿಡಬೇಕೆಂದು ಕೊಳ್ಳುವ ಹುಡುಗನ ತಾಯಿಯ ಹಟ. ನೋಂದಣಿ ಶ್ರಾವಣಕ್ಕೆ. ನಮಗೂ ಅದೇ ಬೇಕಿತ್ತು. ಮೈಸೂರು ಸರಸ್ವತಿಪುರಂನ ಈ ಮನೆಯನ್ನು ಮಾವನವರು ಕಟ್ಟಿಸಿದ್ದು 1974ರಲ್ಲಿ. ಐವತ್ತು ವರ್ಷ ಒಳಗೆ ಬರುತ್ತಲೇ ಇದ್ದ ಸಾಮಾನು ಹೊರಗೆ ಹೋಗಲು ಒಂದು ತಿಂಗಳಾದರೂ ಬೇಡವೆ?

ಅವರು ಹೊರಡುವಾಗ ಜೊತೆಗೆ ಬಂದಿದ್ದ ಹುಡುಗಿ ಹಜಾರದ ಉಯ್ಯಾಲೆಯ ಸರಪಣಿ ಹಿಡಿದುಕೊಂಡು, "ಆಂಟಿ, ಇದು ಇಲ್ಲೇ ಇರುತ್ತಲ್ವಾ?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು "ನೋಡೋಣಮ್ಮ" ಅಂದುಬಿಟ್ಟರು. ಇವರ "ನೋಡೋಣ" ಎಂಬುದಕ್ಕೆ ನಲವತ್ತು ವರ್ಷದಿಂದ ನನಗೆ ಅರ್ಥ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು "ಇರುತ್ತೆ" ಅಂತಲೇ ತಿಳಿದು ಹೋದಳು. ಇವತ್ತೇ ಒಂದು ಪಟ್ಟಿ ಶುರುಮಾಡಬೇಕು.

ಜೂನ್ 28, ಶನಿವಾರ

ನಾವು ಹೋಗಲಿರುವ ಬೆಂಗಳೂರಿನ ಫ್ಲಾಟಿನ ನಕ್ಷೆಯನ್ನು ಮಗ ಕಳಿಸಿದ್ದಾನೆ. ಕನಕಪುರ ರಸ್ತೆ, ಒಂಬತ್ತನೇ ಮಹಡಿ, ಎರಡು ಬೆಡ್‌ರೂಮು. ಟೇಪು ಹಿಡಿದು ಇಬ್ಬರೂ ಮನೆಯೆಲ್ಲ ಅಳೆದೆವು. ಬೀಟೆ ಮಂಚ ಆರೂವರೆ ಅಡಿ ಉದ್ದ, ಆರಡಿ ಅಗಲ. ಹತ್ತಡಿಯ ಕೋಣೆಯಲ್ಲಿ ಅದನ್ನು ಹಾಕಿದರೆ ವಾರ್ಡ್‌ರೋಬಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಗೋದ್ರೇಜ್ ಬೀರು ಹಿಡಿಸುತ್ತದೆ. ಉಯ್ಯಾಲೆ ಹಾಕಲಾಗದು, ಅಲ್ಲಿ ಸ್ಲ್ಯಾಬಿಗೆ ಕೊಕ್ಕೆ ಕೊರೆಯಲು ಬಿಡುವುದಿಲ್ಲವಂತೆ. ಯುಪಿಎಸ್ ಬೇಡ, ಅಲ್ಲಿ ಜನರೇಟರ್ ಇದೆ. ಪರದೆಗಳಂತೂ ಯಾವ ಕಿಟಕಿಗೂ ಹೊಂದುವುದಿಲ್ಲ.

ಹೀಗೆ ನಕ್ಷೆಯೇ ಅರ್ಧ ಪಟ್ಟಿ ಬರೆದುಕೊಟ್ಟಿತು, ನನ್ನ ಮನಸ್ಸು ಕೇಳಲಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ.

ಜುಲೈ 3, ಗುರುವಾರ

ವಕೀಲರ ಹತ್ತಿರ ಹೋಗಿದ್ದೆವು. ಇವರ ಒಂದೇ ಪ್ರಶ್ನೆ: ದೇವರಮನೆಯ ಬಾಗಿಲು ನಮ್ಮದೋ ಅವರದೋ? ಅದು ಈ ಮನೆಗೆಂದು ಮಾಡಿಸಿದ್ದಲ್ಲ. ಊರಿನ ತೊಟ್ಟಿಮನೆ ಬಿಚ್ಚಿದಾಗ ಮಾವನವರು ಎತ್ತಿನಗಾಡಿಯಲ್ಲಿ ಹಾಕಿಸಿಕೊಂಡು ಬಂದು ಇಲ್ಲಿ ಕೂರಿಸಿದ್ದು. ಚಿಕ್ಕ ಚಿಕ್ಕ ಹಿತ್ತಾಳೆ ಗಂಟೆಗಳಿರುವ ಜೋಡಿ ಬಾಗಿಲು, ಚೌಕಟ್ಟಿನ ಮೇಲೆ ಗಜಲಕ್ಷ್ಮಿ.

ವಕೀಲರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 8 ತೆಗೆದರು. ಬೇರೆ ಮಾತು ಆಗಿರದಿದ್ದರೆ, ಮನೆ ಕೈಬದಲಾದಾಗ ಬೀಗ, ಕೀಲಿಕೈ, ಅಗುಳಿ, ಬಾಗಿಲು, ಕಿಟಕಿ, ಮನೆಯ ಕಾಯಂ ಬಳಕೆಗೆಂದು ಇಟ್ಟ ಮಿಕ್ಕೆಲ್ಲವೂ ಜೊತೆಗೇ ಹೋಗುತ್ತವೆ. ನೆಲಕ್ಕೆ ಬೇರು ಬಿಟ್ಟ ಮರ, ನೆಲದಲ್ಲಿ ಹೂತ ಗೋಡೆ, ಆ ಗೋಡೆಗೆ ಕಾಯಮ್ಮಾಗಿ ಕೂರಿಸಿದ್ದು, ಇವೆಲ್ಲ ಸೆಕ್ಷನ್ 3ರ ಪ್ರಕಾರ ಭೂಮಿಗೆ ಸೇರಿದವು. ಹಿತ್ತಲ ತೆಂಗು ಹೋಯಿತು, ಸಂಪಿಗೆ ಹೋಯಿತು, ತಾರಸಿಯ ಸೋಲಾರ್ ಹೀಟರೂ ಹೋಯಿತು. ಅಡುಗೆಮನೆಯ ನೆಲದಲ್ಲಿ ಗಾರೆ ಹಾಕಿ ಕೂರಿಸಿದ ಒರಳುಕಲ್ಲಂತೂ ಕಾಯ್ದೆ ಹೇಳದಿದ್ದರೂ ಏಳುತ್ತಿರಲಿಲ್ಲ.

"ಬಾಗಿಲು ಅಂತ ಕಾಯ್ದೆಯಲ್ಲೇ ಇದೆಯಲ್ಲ ಸಾರ್" ಅಂದರು ವಕೀಲರು. "ಆದರೆ ಅದು ಬೇಕು ಅಂದ್ರೆ ಈಗಲೇ ಹೇಳಿ, ಬರೆದು ಹಾಕೋಣ. ಅವರು ಒಪ್ಪಿದರೆ ಬಿಚ್ಚಿಕೊಂಡು ಹೋಗಬಹುದು. ಜಗಳ ಆಗೋದು ಬರೆಯದೇ ಇದ್ದಾಗ." ಉಯ್ಯಾಲೆ? ಕೊಕ್ಕೆ ಮನೆಯದು, ಸರಪಣಿ ಮತ್ತು ಹಲಗೆ ಯಾರದ್ದು ಎಂದು ಇಬ್ಬರು ವಕೀಲರು ದಿನವಿಡೀ ವಾದಿಸಬಹುದಂತೆ. "ಬರೆದುಬಿಡಿ, ಆಗ ನಮ್ಮ ಫೀಸು ಉಳಿಯುತ್ತೆ" ಎಂದು ನಕ್ಕರು.

ಬ್ರೋಕರ್ ಹೇಳಿಕೊಟ್ಟಿದ್ದ ಉಪಾಯವನ್ನೂ ಕೇಳಿದೆ. ಬೆಲೆಯಲ್ಲಿ ಒಂದಷ್ಟನ್ನು ಸಾಮಾನಿಗೆ ಅಂತ ಬೇರೆ ರಸೀದಿ ಮಾಡಿಸಿದರೆ ಕೊಳ್ಳುವವರಿಗೆ ಮುದ್ರಾಂಕ ಶುಲ್ಕ ಉಳಿಯುತ್ತದಂತೆ. ಶೇ 5 ಶುಲ್ಕ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ ಬೇರೆ. ಉಳಿಸುವ ಆಸೆ ಯಾರಿಗಿಲ್ಲ? ವಕೀಲರು ಬೇಡವೆಂದು ತಲೆಯಾಡಿಸಿದರು. ನಿಜವಾಗಿ ಸಾಮಾನು ಮಾರಿದರೆ ನಿಜವಾದ ಬೆಲೆಗೆ ರಸೀದಿ ಕೊಡಿ, ಹಳೇ ಸೋಫಾಗೆ ಲಕ್ಷಗಟ್ಟಲೆ ಬರೆದರೆ ನಾಳೆ ಉತ್ತರ ಹೇಳಬೇಕಾದವರು ನೀವು. ಅಲ್ಲದೆ ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕೆಳಗೆ ಇಳಿಸಿ ಬರೆದರೂ ಶುಲ್ಕ ಆ ದರದ ಮೇಲೇ ಬೀಳುತ್ತದೆ. ನಮ್ಮ ಸೋಫಾದ ಸ್ಪ್ರಿಂಗು ನೋಡಿದವರಾರೂ ಅದಕ್ಕೆ ಲಕ್ಷ ಬರೆಯಲಾರರು.

ಜುಲೈ 8, ಮಂಗಳವಾರ

ನಾದಿನಿಯ ಫೋನು. "ಅತ್ತಿಗೆ, ಏನು ಬೇಕಾದರೂ ಮಾರಿ, ಆ ಬೀಟೆ ಮಂಚ ಒಂದು ಮಾರಬೇಡಿ. ನಾನು ಹುಟ್ಟಿದ್ದು ಅದರ ಮೇಲೆ." ಕಣ್ಣೀರೂ ಬಂತು. ಕಳಿಸಿಕೊಡ್ತೀನಿ, ಶಿವಮೊಗ್ಗದವರೆಗೆ ಲಾರಿ ಬಾಡಿಗೆ ನಿಮ್ಮದು ಅಂದೆ. ಅಳು ನಿಂತಿತು. ಭಾವನವರನ್ನು ಕೇಳಿ ಹೇಳ್ತಾಳಂತೆ.

ಜುಲೈ 11, ಶುಕ್ರವಾರ

ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟದಲ್ಲಿ ಜನವೋ ಜನ. ನಾವು ಹೋಗಲಿಲ್ಲ.

ಕೊಳ್ಳುವವರು ಇಂಟೀರಿಯರ್‌ನವನನ್ನು ಕರೆದುಕೊಂಡು ಬಂದಿದ್ದರು. ಲೇಸರ್ ಹಿಡಿದು ಗೋಡೆ ಅಳೆಯುತ್ತಿದ್ದ ಹುಡುಗ ಅಡುಗೆಮನೆಯ ಕೆಂಪು ನೆಲ ಕುಟ್ಟಿ ನೋಡಿ, "ಇದೆಲ್ಲ ತೆಗೀಬೇಕು ಮೇಡಂ" ಅಂದ. ಒರಳನ್ನು ಕಾಲಲ್ಲೇ ತೋರಿಸಿದ. ನನ್ನ ಮುಖ ನೋಡಿ ಆ ಹುಡುಗಿಗೆ ಮುಜುಗರವಾಯಿತು. ನಾನೇ ಕಾಫಿ ಮಾಡುತ್ತೇನೆಂದು ಒಳಗೆ ಹೋದೆ.

ಕಾಫಿ ಸೋಸುತ್ತಾ ಯೋಚಿಸಿದೆ. ಬಿಟ್ಟು ಹೋಗುವುದೆಂದರೆ ಇಟ್ಟು ಹೋಗುವುದಲ್ಲ. ನಾವು ಬಿಟ್ಟಿದ್ದು ನಾವು ಬಿಟ್ಟ ಜಾಗದಲ್ಲೇ ಇರಬೇಕು ಎಂದು ಷರತ್ತು ಹಾಕಲು ನಾವು ಯಾರು? ಹಣ ತೆಗೆದುಕೊಂಡ ಮೇಲೆ ಅದು ಅವರ ನೆಲ. ಆದ್ದರಿಂದ ಪ್ರತಿ ವಸ್ತುವಿನ ಮುಂದೆಯೂ ನಿಂತು ಒಂದು ಮಾತು ಕೇಳಿಕೊಳ್ಳುವುದೆಂದು ತೀರ್ಮಾನಿಸಿದೆ: ಕೊಳ್ಳುವವರು ಇದನ್ನು ನಾಳೆಯೇ ಗುಜರಿಗೆ ಹಾಕಿದರೆ ನನಗೆ ನಿದ್ದೆ ಬರುತ್ತದೆಯೆ? ಬರುವುದಾದರೆ ಬಿಡಬಹುದು. ಇಲ್ಲವಾದರೆ ಬಿಡಬಾರದು, ಒಯ್ಯಬೇಕು, ಇಲ್ಲವೇ ಬೇಕೆನ್ನುವವರನ್ನು ಹುಡುಕಿ ಕೊಡಬೇಕು.

ಅದರ ಇನ್ನೊಂದು ಮಗ್ಗುಲೂ ಇದೆ. ಅಟ್ಟದ ಮೇಲಿನ ಮುರುಕು ಟ್ರಂಕು, ತುಕ್ಕು ಹಿಡಿದ ಬಕೆಟ್ಟು, ಅರ್ಧ ಖಾಲಿಯಾದ ಪೇಂಟಿನ ಡಬ್ಬಿಗಳನ್ನು "ನಿಮಗೆ ಇರಲಿ" ಎಂದು ಬಿಟ್ಟು ಹೋಗುವುದು ಔದಾರ್ಯವಲ್ಲ, ಸೋಮಾರಿತನ. ಹಾಗೆಂದು ಬಲ್ಬನ್ನೂ ಬಿಚ್ಚಬಾರದು. ನಮ್ಮ ಅಕ್ಕ ಕೊಂಡ ಮನೆಯಲ್ಲಿ ಮಾರಿದವರು ಹೋಲ್ಡರ್ ಮಾತ್ರ ಉಳಿಸಿ ಹೋಗಿದ್ದರು. ಗೃಹಪ್ರವೇಶದ ಹಿಂದಿನ ರಾತ್ರಿ ಭಾವ ಟಾರ್ಚು ಹಿಡಿದು ಅಂಗಡಿ ಹುಡುಕಿದ್ದರು. ಫ್ಯಾನು, ಬಲ್ಬು, ಪರದೆಯ ರಾಡು, ಗೀಸರು ಎಲ್ಲ ಇರಲಿ ಅಂತ ಬರೆದೆ.

ಜುಲೈ 13, ಭಾನುವಾರ

ನಾದಿನಿಗೆ ಮಂಚ ಬೇಡವಂತೆ. ಒಂದು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ ಅಂದಳು. ಹಾಕಿದೆ. ಹೃದಯದ ಚಿಹ್ನೆ ಕಳಿಸಿದಳು.

ಜುಲೈ 19, ಶನಿವಾರ

ಹಳೇ ಪೀಠೋಪಕರಣದವನು ಬಂದು ಮಂಚದ ಕಾಲು ತಟ್ಟಿ ನೋಡಿ, "ಅಮ್ಮಾ, ಈಗ ಯಾರು ಇಂಥಾದ್ದು ಕೇಳ್ತಾರೆ?" ಎಂದು ಶುರುಮಾಡಿದ. ಹೋಮ್‌ಸ್ಟೇಯವರು ಕೇಳ್ತಾರಪ್ಪ, ನನಗೂ ಗೊತ್ತು ಅಂದೆ. ರೇಟು ಏರಿತು. ಬೋಲ್ಟು ಬಿಚ್ಚಿ, ಹಲಗೆ ಹಲಗೆಯಾಗಿ ಆಟೋದಲ್ಲಿ ಹೋಯಿತು. ಇವರು ಆ ಹೊತ್ತಿಗೆ ಸರಿಯಾಗಿ ಬ್ಯಾಂಕಿಗೆ ಹೋಗಿದ್ದರು.

ಬಚ್ಚಲಿನ ತಾಮ್ರದ ಹಂಡೆಯನ್ನು ಪಕ್ಕದ ಮನೆಯ ಸೊಸೆ ತೆಗೆದುಕೊಂಡಳು. ಅದರಲ್ಲಿ ಗಿಡ ನೆಡುತ್ತಾಳಂತೆ. ನೆಡಲಿ. ನೀರು ಕಾಯಿಸಿ ಇಪ್ಪತ್ತು ವರ್ಷವಾಗಿತ್ತು ಅದು.

ಗೊಂಬೆಗಳ ವಿಷಯದಲ್ಲಿ ಮಾತ್ರ ಚರ್ಚೆಯಿಲ್ಲ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಯೂ ಅದರ ಬಳಗವೂ ನನ್ನ ಜೊತೆ ಕಾರಿನಲ್ಲೇ ಬರುತ್ತವೆ, ಲಾರಿಯಲ್ಲಲ್ಲ. ಹಜಾರದ ಅಗಲಕ್ಕೆ ಮಾಡಿಸಿದ ಒಂಬತ್ತು ಹಂತದ ಮೆಟ್ಟಿಲು ಇಲ್ಲೇ. ಬರುವ ನವರಾತ್ರಿಗೆ ಫ್ಲಾಟಿನಲ್ಲಿ ಮೂರು ಹಂತ ಸಾಕು. ಆನೆ ಅಂಬಾರಿಯ ಸಾಲು ಟಿವಿ ಸ್ಟ್ಯಾಂಡಿನ ಮೇಲೆ ಸಾಗಲಿ.

ಜುಲೈ 27, ಭಾನುವಾರ

ಶ್ರಾವಣ ಬಂತು, ಬಾಗಿಲು ಇನ್ನೂ ಇತ್ಯರ್ಥವಾಗಿರಲಿಲ್ಲ. ಕೊನೆಗೆ ನಾನೇ ಕೇಳಿದೆ: "ತೊಗೊಂಡು ಹೋಗಿ ಎಲ್ಲಿ ಕೂರಿಸ್ತೀರಿ?" ಅಲ್ಲಿ ದೇವರಿಗೆ ಇರುವುದು ಅಡುಗೆಮನೆ ಪಕ್ಕದ ಒಂದು ಗೂಡು. ಇವರು ಗೋಡೆಗೆ ಒರಗಿಸಿಡೋಣ ಅಂದರು. ಆಮೇಲೆ ಡೈನಿಂಗ್ ಟೇಬಲ್ ಮಾಡಿಸೋಣ, ಮೇಲೆ ಗಾಜು ಹಾಕಿಸೋಣ ಅಂದರು. ಗಜಲಕ್ಷ್ಮಿಯ ಮೇಲೆ ಸಾರಿನ ಪಾತ್ರೆ ಇಡೋದಾ ಅಂದೆ. ಮಾತಿಲ್ಲ.

ನನ್ನ ಪ್ರಶ್ನೆಯ ಪ್ರಕಾರ ನೋಡಿದರೆ ಈ ಬಾಗಿಲನ್ನು ಬಿಡುವಂತಿರಲಿಲ್ಲ. ಅವರು ಅದನ್ನು ಕಿತ್ತು ಹಾಕಿದರೆ ಇವರು ನಿದ್ದೆ ಮಾಡುವುದಿಲ್ಲ. ಅದಕ್ಕೆ ಹುಡುಗನ ತಾಯಿಯನ್ನೇ ನೇರವಾಗಿ ಕೇಳಿದೆ, ನಿಮ್ಮ ಇಂಟೀರಿಯರ್‌ನವನು ಇದನ್ನೇನು ಮಾಡ್ತಾನೆ ಅಂತ. "ಅಯ್ಯೋ, ನಾನು ಈ ಮನೆ ಒಪ್ಪಿದ್ದೇ ಆ ಬಾಗಿಲು ನೋಡಿ. ಅದನ್ನ ಮುಟ್ಟಿದರೆ ಅವನನ್ನೇ ಆಚೆ ಹಾಕ್ತೀನಿ" ಅಂದರು ಆಕೆ. ಇವರು ಸ್ಪೀಕರಿನಲ್ಲಿ ಕೇಳಿಸಿಕೊಂಡರು. ಪಟ್ಟಿ ಕೈಗೆತ್ತಿಕೊಂಡು ತಾವೇ ಬರೆದರು: ದೇವರಮನೆ ಬಾಗಿಲು, ಚೌಕಟ್ಟು, ಗಂಟೆ ಸಮೇತ. ಗಂಟೆ ಎಷ್ಟೆಂದು ಎಣಿಸಿ ಅದನ್ನೂ ಬರೆದರು. ಬ್ಯಾಂಕಿನಲ್ಲಿದ್ದವರ ಬುದ್ಧಿ!

ಜುಲೈ 30, ಬುಧವಾರ

ಪಟ್ಟಿಗೆ ಎರಡೂ ಕಡೆಯವರ ಸಹಿ ಆಯಿತು. ಉಯ್ಯಾಲೆಗೆ ಹಣ ಕೊಡುತ್ತೇವೆಂದರು, ಬೇಡವೆಂದೆ. ಅದನ್ನು ಕೊಟ್ಟಿದ್ದು ಅಂತ ಅನ್ನಿಸಬೇಕು ನನಗೆ. ಯುಪಿಎಸ್‌ಗೆ ಮಾತ್ರ ತೆಗೆದುಕೊಂಡೆವು, ಬ್ಯಾಟರಿ ಹೋದ ವರ್ಷದ್ದು. ಗ್ಯಾಸ್ ಸಿಲಿಂಡರ್ ಬಿಟ್ಟು ಹೋಗಿ ಎಂದು ಬ್ರೋಕರ್ ಅಂದ. ಅದು ನಮ್ಮ ಹೆಸರಿನ ಕನೆಕ್ಷನ್, ಏಜೆನ್ಸಿಗೆ ವಾಪಸು ಮಾಡಿ ಬೆಂಗಳೂರಿಗೆ ವರ್ಗ ಮಾಡಿಸುವ ಕಾಗದ ತರಬೇಕು. ವಿದ್ಯುತ್ ಮೀಟರಿನ ಹೆಸರು ಅವರು ಬದಲಾಯಿಸಿಕೊಳ್ಳಲಿ.

ಆಗಸ್ಟ್ 4, ಸೋಮವಾರ

ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೋ. ಕಾಗದವೆಲ್ಲ ಮುಂಚೆಯೇ ಕಾವೇರಿ ತಂತ್ರಾಂಶದಲ್ಲಿ ಹಾಕಿಸಿದ್ದರಿಂದ ಬೇಗ ಮುಗಿಯಿತು. ಕೀಲಿಕೈ ಗೊಂಚಲು ಅಲ್ಲೇ ಕೊಟ್ಟೆವು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅವರು ಆ ದಿನ ಹಾಲುಕ್ಕಿಸುತ್ತಾರೆ.

ಆಗಸ್ಟ್ 13, ಬುಧವಾರ, ಬೆಂಗಳೂರು

ಬೆಳಿಗ್ಗೆ ಆ ಹುಡುಗಿಯ ಫೋನು. ಸೋಲಾರಿನಲ್ಲಿ ಬಿಸಿನೀರು ಬರುತ್ತಿಲ್ಲವಂತೆ. ಮಳೆಗಾಲದಲ್ಲಿ ಎಲ್ಲಿಂದ ಬರಬೇಕು? ಮೆಟ್ಟಿಲ ಕೆಳಗಿನ ಕಪ್ಪು ಸ್ವಿಚ್ಚು ಹಾಕಿದರೆ ಟ್ಯಾಂಕಿನೊಳಗಿನ ಕಾಯಿಲ್ ಕಾಯುತ್ತದೆ, ಅರ್ಧ ಗಂಟೆಗೆ ಆರಿಸು ಅಂದೆ. ಆಮೇಲೆ ಸ್ವಲ್ಪ ತಡೆದು, "ಆಂಟಿ, ನಾಳೆ ಅಡುಗೆಮನೆ ಕೆಲಸ ಶುರು. ಒರಳುಕಲ್ಲು ತೆಗೆಸ್ತಿದೀವಿ. ನಿಮಗೆ ಬೇಕಿದ್ರೆ ಕಳಿಸ್ತೀವಿ" ಅಂದಳು.

"ಬೇಡಮ್ಮ" ಅಂದೆ. "ಆದ್ರೆ ಮೊದಲು ಗುಂಡು ಎತ್ತಿ ಹೊರಗಿಡೋಕೆ ಹೇಳು. ಇಬ್ಬರು ಹಿಡೀಬೇಕು, ಒಬ್ಬನೇ ಎತ್ತಿದರೆ ಕಾಲ ಮೇಲೆ ಹಾಕ್ಕೋತಾನೆ."