ಐದು ಚೀಟಿ, ಒಂದು ಹಾಳೆ

ಇದು ನಮ್ಮ ಅವ್ವನ ಟೊಂಕ ನೋವಿನ ಕಥೆ. ಇಷ್ಟು ದಿನ ಬರೆಯಲು ಮನಸ್ಸಾಗಿರಲಿಲ್ಲ. ಮೊನ್ನೆ ಅವ್ವನೇ, "ಬರಿ ತಮ್ಮಾ. ಯಾರಿಗರ ಉಪಯೋಗ ಆದ್ರ ಆಗ್ಲಿ. ನನ್ನ ಹೆಸರೊಂದು ಹಾಕಬ್ಯಾಡ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಕಮಲಾಪುರದ ಮಗ್ಗುಲಲ್ಲಿದೆ. ಬಸ್ ಹಿಡಿದರೆ ಕಲಬುರಗಿಗೆ ಸುಮಾರು ಒಂದು ಗಂಟೆಯ ದಾರಿ. ಎರಡು ಎಕರೆ ತೊಗರಿ, ಅದರ ಬದಿಗೆ ಸ್ವಲ್ಪ ಕೆಂಪು ಬಾಳೆ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಹೇಳಿಕೊಳ್ಳಲು ಹೆಮ್ಮೆ. ಅವ್ವನಿಗೆ ಮಾತ್ರ ಅದು ತಲೆ ಮೇಲಿನ ಭಾರ. ಹಾಗಾಗಿ 2023ರ ದಸರಾ ಹೊತ್ತಿಗೆ "ಟೊಂಕ ನೋಯ್ಲತ್ತದ" ಅಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗೊನೆ ಹೊತ್ತವರಿಗೆ ಟೊಂಕ ನೋಯದೆ ಇನ್ನೇನು? ನಾನು ಆಗ ಕಲಬುರಗಿಯಲ್ಲಿ ಕೆಲಸಕ್ಕಿದ್ದೆ. ವಾರಕ್ಕೊಮ್ಮೆ ಫೋನು. "ಹ್ಯಾಂಗ ಅದಿ ಅವ್ವಾ?" "ಆರಾಮ ಅದೀನಿ." ಅಷ್ಟೇ ಮಾತು.

ನಾಲ್ಕು ತಿಂಗಳಲ್ಲಿ ಐದು ಕಡೆ ತೋರಿಸಿದೆವು. ಐದು ಚೀಟಿ ಬಂದವು.

ಮೊದಲನೆಯದು ಊರಲ್ಲಿ ಸೂಜಿ ಹಾಕುವವರದು. ಸೂಜಿ ಹಾಕಿಸಿಕೊಂಡರೆ ನಾಲ್ಕು ದಿನ ಅವ್ವ ಹುಡುಗಿಯಂತೆ ಓಡಾಡುತ್ತಿದ್ದಳು, ಐದನೆಯ ದಿನ ಮತ್ತೆ ನೋವು. ಎರಡನೆಯದು ಒಂದು ಸಣ್ಣ ಕ್ಲಿನಿಕ್ಕಿನದು, ನೋವಿನ ಗುಳಿಗೆ ಮತ್ತು ಕ್ಯಾಲ್ಸಿಯಂ. ಮೂರನೆಯದು ಕಲಬುರಗಿಯ ಮೂಳೆ ಡಾಕ್ಟರದು. ಎಕ್ಸ್‌ರೇ ತೆಗೆದು, "ವಯಸ್ಸಿನ ಸವೆತ, ಭಾರ ಎತ್ತಬ್ಯಾಡ್ರಿ" ಅಂದರು. ಅವ್ವನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಇದ್ದಕ್ಕಿದ್ದಂತೆ ಏರಿತ್ತು, ನಾಲ್ಕನೆಯವರು ಅದರ ಗುಳಿಗೆ ಹೆಚ್ಚು ಮಾಡಿದರು. ಜ್ವರ ಬಂದಾಗ ಐದನೆಯವರು ವಿಡಾಲ್ ಪರೀಕ್ಷೆ ಮಾಡಿಸಿ, ಟೈಫಾಯಿಡ್ ಅಂತ ಸಲೈನ್ ಏರಿಸಿದರು.

ಒಬ್ಬರು ಟೊಂಕ ನೋಡಿದರು, ಒಬ್ಬರು ಸಕ್ಕರೆ ನೋಡಿದರು, ಒಬ್ಬರು ಜ್ವರ ನೋಡಿದರು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ನಾವು ತೋರಿಸಲಿಲ್ಲ. "ಹಳೇದೆಲ್ಲ ಯಾಕ, ಹೊಸ ಡಾಕ್ಟ್ರು ಬೈತಾರ" ಅನ್ನುತ್ತಿದ್ದಳು ಅವ್ವ. ಚೀಟಿಗಳು ದೇವರ ಮಾಡದಲ್ಲಿ, ಊದಿನಕಡ್ಡಿ ಪಾಕೀಟಿನ ಕೆಳಗೆ ಮಲಗಿದ್ದವು.

2024ರ ಫೆಬ್ರವರಿ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಅಂಗಳದಲ್ಲಿ ಅವ್ವ ನಡೆದು ಬರುತ್ತಿದ್ದಳು. ಎಡಗಾಲಿನ ಚಪ್ಪಲಿ ಹಿಂದೆ ಉಳಿಯಿತು, ಅವಳು ಹಾಗೆಯೇ ಮುಂದೆ ಬಂದಳು. "ಅವ್ವಾ, ಚಪ್ಪಲಿ" ಅಂದೆ. ಕೆಳಗೆ ನೋಡಿಕೊಂಡಳು. ಕಾಲಿಂದ ಕಳಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಆಗ ನನ್ನ ಎದೆ ಝಲ್ಲೆಂದಿತು.

ಮರುದಿನ ಬೆಳಿಗ್ಗೆ ಕಲಬುರಗಿಯ ದೊಡ್ಡ ಸರ್ಕಾರಿ ದವಾಖಾನೆಯ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಸರದಿ ಬಂದಾಗ ಒಬ್ಬ ಯುವ ವೈದ್ಯೆ ಕೇಳಿದರು: "ಏನಾಗ್ಯಾದ್ರಿ?"

"ಟೊಂಕ ನೋವ್ರಿ ಮೇಡಂ, ಭಾಳ ದಿನ ಆತು."

"ಭಾಳ ದಿನ ಅಂದ್ರ ಎಷ್ಟು? ಹಗಲು ಹೆಚ್ಚೋ ರಾತ್ರಿ ಹೆಚ್ಚೋ? ಜ್ವರ ಯಾವಾಗ ಬರ್ತದ? ತೂಕ ಇಳದದೇನು? ಏನೇನು ಔಷಧ ಆಗ್ಯಾವ?"

ಒಂದಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ನಾನು ಪತ್ರಿಕೋದ್ಯಮ ಓದಿದವನು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂದು ಕೇಳದೆ ವರದಿ ಬರೆಯಬಾರದು ಎಂದು ಕಲಿತವನು. ಊರ ಬೋರ್‌ವೆಲ್ ಕೆಟ್ಟ ಸುದ್ದಿಗೆ ಹತ್ತು ಜನರನ್ನು ಕೇಳಿದ್ದೇನೆ. ಹೆತ್ತವ್ವನನ್ನು ನಾಲ್ಕು ತಿಂಗಳಲ್ಲಿ ಒಂದು ಪ್ರಶ್ನೆಯನ್ನೂ ನೆಟ್ಟಗೆ ಕೇಳಿರಲಿಲ್ಲ.

ಆ ವೈದ್ಯೆ ಬೈಯಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು, "ಹೊರಗ ಕುಂತು ಮೊದಲಿನಿಂದ ಬರ್ಕೊಂಡು ಬರ್ರಿ. ಅಷ್ಟರಾಗ ಇನ್ನಿಬ್ಬರನ್ನ ನೋಡ್ತೀನಿ" ಅಂದರು.

ಹೊರಗಿನ ಬೆಂಚಿನ ಮೇಲೆ ಅವ್ವನ ಸಂದರ್ಶನ ನಡೆಯಿತು. ತಾರೀಖು ಅವಳಿಗೆ ನೆನಪಿಲ್ಲ, ಹಬ್ಬ ನೆನಪಿದೆ. ಹಬ್ಬ ಹಿಡಿದೇ ಬರೆದೆ. ದಸರಾಕ್ಕೆ ನೋವು ಸುರು, ಆಗ ಬಾಗಿದರೆ ಮಾತ್ರ. ದೀಪಾವಳಿಗೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಲಗಿದರೂ ಕಡಿಮೆಯಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗಲಾಗಲಿಲ್ಲ. ಅಷ್ಟರಲ್ಲಿ ಸಂಜೆಯಾದರೆ ಮೈ ಬೆಚ್ಚಗೆ, ರಾತ್ರಿ ಬೆವರು. ಕುಪ್ಪಸ ಸಡಿಲ, ಬಳೆ ಮೊಣಕೈವರೆಗೆ ಜಾರುತ್ತವೆ. ಸೂಜಿ ಒಟ್ಟು ಏಳು. ಪ್ರತಿ ಸೂಜಿಯ ಮರುವಾರ ಸಕ್ಕರೆ ಹೆಚ್ಚು.

"ಮನ್ಯಾಗ ಯಾರಿಗರ ಟಿಬಿ ಆಗಿತ್ತೇನು?" ಎಂದು ಕೇಳಿದೆ. ಅವ್ವ ಸುಮ್ಮನಾದಳು. ಆಮೇಲೆ ಸೀರೆಯ ಸೆರಗು ನೋಡುತ್ತ, "ನಿಮ್ಮ ಸೋದರಮಾವಗ ಆಗಿತ್ತು. ನಮ್ಮ ಮನ್ಯಾಗ ಆರು ತಿಂಗಳು ಇದ್ದ. ನಿನಗ ಹೇಳಿಲ್ಲ. ಅದನ್ನ ಬರೀಬ್ಯಾಡ" ಅಂದಳು. ನಾನು ಬರೆದೆ.

ವೈದ್ಯೆ ಹಾಳೆಯನ್ನು ಎರಡು ಸಲ ಓದಿದರು. ರಾತ್ರಿ ನೋವು, ಸಂಜೆ ಜ್ವರ, ಇಳಿದ ತೂಕ, ಸೋದರಮಾವ, ಈ ನಾಲ್ಕರ ಕೆಳಗೆ ಗೆರೆ ಎಳೆದರು. ಅವ್ವನ ಬೆನ್ನುಮೂಳೆಯ ಮೇಲಿಂದ ಕೆಳಗೆ ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತ ಬಂದರು. ಒಂದು ಕಡೆ ಅವ್ವ "ಯವ್ವಾ" ಅಂತ ಚೀರಿದಳು. "ಇವು ಐದು ಬ್ಯಾನಿ ಇದ್ದಂಗ ಕಾಣೂದಿಲ್ಲ" ಅಂದರು ವೈದ್ಯೆ.

ಆದರೂ ಟಿಬಿ ಅಂತ ತಕ್ಷಣ ಹೇಳಲಿಲ್ಲ. "ಆಡು ಸಾಕೀರೇನು? ಹಸಿ ಹಾಲು ಕುಡೀತೀರೇನು?" ಎಂದು ಕೇಳಿದರು. ದನ, ಆಡುಗಳಿಂದ ಬರುವ ಬ್ರೂಸೆಲ್ಲೋಸಿಸ್ ಎಂಬ ರೋಗವೂ ಇದೇ ರೀತಿ ಜ್ವರ, ಬೆನ್ನು ನೋವು ತರುತ್ತದಂತೆ. ಬೇರೆ ಕೀವು ರೋಗಗಳಿವೆ, ಮೂಳೆಗೆ ಬರುವ ಕ್ಯಾನ್ಸರ್ ಇದೆ. ಪ್ರತಿಯೊಂದರ ಔಷಧ ಬೇರೆ. ಅಂದಾಜಿನ ಮೇಲೆ ವರ್ಷಗಟ್ಟಲೆ ಗುಳಿಗೆ ನುಂಗಿಸುವಂತಿಲ್ಲ.

ಎಂಆರ್‌ಐ ಆಯಿತು. ಬೆನ್ನುಮೂಳೆಯ ಅಕ್ಕಪಕ್ಕದ ಎರಡು ಮಣಿಗಳು, ಅವುಗಳ ನಡುವಿನ ಗಾದಿ ಕೆಟ್ಟಿದ್ದವು. ಪಕ್ಕದಲ್ಲಿ ಕೀವು ಕಟ್ಟಿ, ಕಾಲಿಗೆ ಹೋಗುವ ನರಗಳನ್ನು ಒತ್ತುತ್ತಿತ್ತು. ಚಪ್ಪಲಿ ಕಳಚಿದ್ದು ಅದರಿಂದ. ಸ್ಕ್ಯಾನಿನಲ್ಲಿ ನೋಡುತ್ತ ಉದ್ದ ಸೂಜಿ ಹಾಕಿ ಆ ಜಾಗದಿಂದ ಚೂರು ತೆಗೆದರು. ಸಿಬಿನಾಟ್ ಯಂತ್ರ ಸುಮಾರು ಎರಡು ತಾಸಿನಲ್ಲಿ ಟಿಬಿ ಕ್ರಿಮಿ ಇದೆಯೋ ಇಲ್ಲವೋ, ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೋ ಇಲ್ಲವೋ ಎಂದು ಹೇಳುತ್ತದೆ. ಇತ್ತು. ಬಗ್ಗುತ್ತಿತ್ತು.

ಬೆನ್ನುಮೂಳೆಯ ಟಿಬಿ. ನನಗೆ ಟಿಬಿ ಅಂದರೆ ಕೆಮ್ಮು, ಕಫ, ರಕ್ತ ಅಷ್ಟೇ ಗೊತ್ತಿತ್ತು. ಉಗುರು ಮತ್ತು ಕೂದಲು ಬಿಟ್ಟು ದೇಹದ ಎಲ್ಲಿಗೆ ಬೇಕಾದರೂ ಅದು ಬರಬಹುದಂತೆ. ಇದು ಹೊಸ ರೋಗವೂ ಅಲ್ಲ. ಇಂಗ್ಲೆಂಡಿನ ಪರ್ಸಿವಲ್ ಪಾಟ್ ಎಂಬ ವೈದ್ಯ 1779ರಲ್ಲೇ ಇದನ್ನು ವಿವರಿಸಿ ಬರೆದಿದ್ದ, ಇಂದಿಗೂ ಅವನ ಹೆಸರಿನಿಂದ ಕರೆಯುತ್ತಾರೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಂಭವ ಬೇರೆಯವರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ಹಾಗಾದರೆ ಮೊದಲಿನವರೆಲ್ಲ ತಪ್ಪು ಮಾಡಿದರಾ? ನನಗೂ ಸಿಟ್ಟು ಬಂದಿತ್ತು. ವೈದ್ಯೆ ಸಮಾಧಾನವಾಗಿ ಹೇಳಿದರು: ಮೂಳೆ ಸಾಕಷ್ಟು ಕೆಡುವವರೆಗೆ ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ದಸರಾದ ಎಕ್ಸ್‌ರೇ ಸುಳ್ಳಲ್ಲ, ಹೊತ್ತಿಗೆ ಮುಂಚಿನದು. ವಿಡಾಲ್ ಒಂದರಿಂದಲೇ ಟೈಫಾಯಿಡ್ ಖಚಿತವಾಗುವುದಿಲ್ಲ. ಊರಿನ ಸೂಜಿಯಲ್ಲಿ ಸ್ಟಿರಾಯ್ಡ್ ಇದ್ದಿರಬೇಕು. ಅದು ನೋವು, ಜ್ವರ ಎರಡನ್ನೂ ಮುಚ್ಚುತ್ತದೆ, ಸಕ್ಕರೆ ಏರಿಸುತ್ತದೆ, ರೋಗದ ಜೊತೆ ಹೋರಾಡುವ ಶಕ್ತಿ ತಗ್ಗಿಸುತ್ತದೆ. ಅಂದರೆ ಅವ್ವ ಓಡಾಡಿದ ಆ ನಾಲ್ಕು ನಾಲ್ಕು ದಿನ ಒಳಗೆ ಕ್ರಿಮಿಗೆ ಹಬ್ಬ.

ಮಾರ್ಚ್‌ನಲ್ಲಿ, ಅಪ್ಪನ ಜಾತ್ರೆಗೆ ಮುಂಚೆ, ಗುಳಿಗೆ ಸುರುವಾದವು. ಪುಪ್ಪುಸದ ಟಿಬಿಗೆ ಸಾಮಾನ್ಯವಾಗಿ 6 ತಿಂಗಳು ಸಾಕು. ಮೂಳೆಯದಕ್ಕೆ ಕನಿಷ್ಠ 12 ತಿಂಗಳು, ಬೇಕಾದರೆ 18. ಕಾಲಿನ ಬಲ ಇನ್ನೂ ಇಳಿದರೆ ಆಪರೇಷನ್ ಎಂದಿದ್ದರು. ಮೂರು ವಾರಕ್ಕೆ ಬಲ ಮರಳತೊಡಗಿತು, ಬೆಲ್ಟ್ ಹಾಕಿ ಊರಿಗೆ ಕಳಿಸಿದರು.

ರೋಗ ಗೊತ್ತಾದರೆ ಅರ್ಧ ಗೆದ್ದಂತೆ ಅಂದುಕೊಂಡಿದ್ದೆ. ಉಳಿದ ಅರ್ಧವೇ ಕಷ್ಟದ್ದು. ಅವ್ವನ ಒಂದೇ ಮೈಯಲ್ಲಿ ಎರಡು ರೋಗ, ಒಂದರ ಔಷಧ ಇನ್ನೊಂದರ ಕೈ ಹಿಡಿದು ಎಳೆಯುತ್ತಿತ್ತು. ರಿಫಾಂಪಿಸಿನ್ ಸಕ್ಕರೆಯ ಕೆಲವು ಗುಳಿಗೆಗಳ ಶಕ್ತಿ ತಗ್ಗಿಸುತ್ತದೆ. ಅದಕ್ಕೆ ಕೆಲವು ತಿಂಗಳು ಇನ್ಸುಲಿನ್‌ಗೆ ಹಾಕಿದರು. ಇದೇ ರಿಫಾಂಪಿಸಿನ್ ಮಕ್ಕಳಾಗದಂತೆ ತಗೊಳ್ಳುವ ಗುಳಿಗೆಯ ಶಕ್ತಿಯನ್ನೂ ತಗ್ಗಿಸುತ್ತದೆ, ಮನೆಯ ಹೆಣ್ಣುಮಕ್ಕಳು ತಿಳಿದಿರಲಿ. ಅದನ್ನು ನುಂಗಿದರೆ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ. ಮೊದಲ ದಿನ ಅವ್ವ "ರಕ್ತ ಹೊಂಟದ" ಅಂತ ಅತ್ತಳು. ಅದು ಔಷಧದ ಬಣ್ಣ, ಹೆದರಬೇಕಿಲ್ಲ. ಹೆದರಬೇಕಾದ್ದು ಕಣ್ಣು ಹಳದಿಯಾಗಿ ವಾಂತಿ ಹತ್ತಿದರೆ, ಅದು ಪಿತ್ತಜನಕಾಂಗದ ತೊಂದರೆ. ಕಣ್ಣು ಮಂಜಾದರೆ, ಕೆಂಪು ಹಸಿರು ಗುರುತು ಸಿಗದಿದ್ದರೆ ಅದೂ ಒಂದು ಔಷಧದ ತೊಂದರೆ ಇರಬಹುದು. ಎರಡರಲ್ಲೂ ಅಂದೇ ದವಾಖಾನೆಗೆ ಹೋಗಬೇಕು.

ಮೂರನೇ ತಿಂಗಳು ಅವ್ವನ ಅಂಗಾಲು ಜುಮ್ ಎನ್ನತೊಡಗಿತು. ಬೆನ್ನಿನ ಒತ್ತಡವೋ? ಸಕ್ಕರೆಯಿಂದ ನರ ಕೆಟ್ಟವೋ? ಐಸೋನಿಯಾಜಿಡ್ ಎಂಬ ಗುಳಿಗೆಯಿಂದಲೋ? ಮೂರರಲ್ಲೂ ಆಗುತ್ತದೆ. ಈ ಸಲ ನಮ್ಮ ಹಾಳೆಯಲ್ಲಿ ದಿನ, ಜಾಗ, ಎರಡೂ ಕಾಲೋ ಒಂದೇ ಕಾಲೋ, ಆ ವಾರದ ಸಕ್ಕರೆ ಎಷ್ಟು, ಎಲ್ಲ ಇತ್ತು. ಕಾಲಿನ ಬಲ ಸರಿ ಇದೆ, ಎರಡೂ ಪಾದಗಳಲ್ಲಿ ಸಮನಾಗಿದೆ ಎಂದು ನೋಡಿ, ಬಿ6 ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ತಿಂಗಳಲ್ಲಿ ಕಡಿಮೆಯಾಯಿತು.

ಊಟದ್ದು ಇನ್ನೊಂದು ಜಗಳ. "ಟಿಬಿಗೆ ಚೆನ್ನಾಗಿ ಉಣ್ಣಬೇಕು" ಅಂದರು ಒಬ್ಬರು. "ಸಕ್ಕರೆಗೆ ಬಾಯಿ ಕಟ್ಟಬೇಕು" ಅಂದರು ಇನ್ನೊಬ್ಬರು. ಅವ್ವ ಎರಡೂ ಕೇಳಿ ಬರೀ ಗಂಜಿ ಕುಡಿಯುತ್ತಿದ್ದಳು. ಎರಡು ಚೀಟಿಯನ್ನೂ ಒಬ್ಬರ ಮುಂದೆ ಇಟ್ಟ ಮೇಲೆ ಲೆಕ್ಕ ಸರಿಯಾಯಿತು: ಜೋಳದ ರೊಟ್ಟಿ, ಗಟ್ಟಿ ತೊಗರಿ ಬೇಳೆ, ದಿನಾ ತತ್ತಿ, ಸೊಪ್ಪು, ಶೇಂಗಾ. ಕೆಂಪು ಬಾಳೆ? "ಅರ್ಧ ತಿನ್ರಿ, ಊಟದ ಜೊತಿ ಬ್ಯಾಡ" ಅಂದರು. ಅವ್ವ ಅವತ್ತು ನಕ್ಕಳು.

ಅತ್ತಿದ್ದು ಬೇರೆ ಕಾರಣಕ್ಕೆ. ನಮ್ಮ ಸಂಬಂಧಿಕರ ಮನೆಯಲ್ಲಿ ಅವಳಿಗೆ ಬೇರೆ ತಾಟು ಇಟ್ಟರು. ಅವ್ವನ ಎದೆಯ ಎಕ್ಸ್‌ರೇ, ಕಫ ಎಲ್ಲ ಸ್ವಚ್ಛ ಇದ್ದವು. ಬರೀ ಬೆನ್ನುಮೂಳೆಯಲ್ಲಿರುವ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಪುಪ್ಪುಸದ ಟಿಬಿ ಕೂಡ ಹರಡುವುದು ಕೆಮ್ಮಿದ ಗಾಳಿಯಿಂದ, ತಾಟಿನಿಂದ ಅಲ್ಲ. ಇದೇ ಹೆದರಿಕೆಯಿಂದಲೇ ಅವ್ವ ಸೋದರಮಾವನ ಸುದ್ದಿ ಮುಚ್ಚಿಟ್ಟಿದ್ದು. ಆ ಒಂದು ಮಾತು ದಸರಾಕ್ಕೇ ಹೊರಬಿದ್ದಿದ್ದರೆ ಚಪ್ಪಲಿ ಕಳಚುವವರೆಗೆ ಕಾಯುತ್ತಿರಲಿಲ್ಲವೇನೋ.

ಹತ್ತನೇ ತಿಂಗಳಿಗೆ ತೊಗರಿ ರಾಶಿ ಬಂತು. "ಆರಾಮ ಆಗೀನಿ, ಗುಳಿಗಿ ಸಾಕು" ಅಂದಳು. ಆಶಾ ಅಕ್ಕ ಮನೆ ಬಾಗಿಲಲ್ಲಿ ಕೂತು, ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಔಷಧಕ್ಕೆ ಬಗ್ಗದಂತಾಗುತ್ತದೆ ಎಂದು ತಿಳಿಸಿ ನುಂಗಿಸಿದರು. ಗುಳಿಗೆ ಪೂರ್ತಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000 ಆಗಿದೆ. 12 ತಿಂಗಳ ಮೇಲೆ ಮತ್ತೆ ಎಂಆರ್‌ಐ ನೋಡಿ ಇನ್ನೂ ಮೂರು ತಿಂಗಳು ಕೊಟ್ಟು, 2025ರ ಜೂನ್‌ನಲ್ಲಿ ನಿಲ್ಲಿಸಿದರು.

ಈಗ ಅವ್ವ ಬಾಳೆ ತೋಟಕ್ಕೆ ನಡೆದು ಹೋಗುತ್ತಾಳೆ. ಗೊನೆ ಹೊರುವುದಿಲ್ಲ. ಬೆನ್ನು ಸ್ವಲ್ಪ ಬಾಗಿದ್ದು ಹಾಗೇ ಉಳಿದಿದೆ. ನಾಲ್ಕು ತಿಂಗಳು ತಡವಾಗಿದ್ದರ ಗುರುತು ಅದು.

ನಾನು ಡಾಕ್ಟರ್ ಅಲ್ಲ, ಔಷಧ ಹೇಳುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ವಾರಗಟ್ಟಲೆ ವಾಸಿಯಾಗದ ಕಾಯಿಲೆ ಇದ್ದರೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ:

1. ಯಾವ ಹಬ್ಬಕ್ಕೆ, ಏನು ಮೊದಲು ಸುರುವಾಯಿತು, ಆಮೇಲೆ ಏನು ಕೂಡಿತು.
2. ನೋವು ರಾತ್ರಿ ಎಬ್ಬಿಸುತ್ತದೆಯೇ. ಸಂಜೆ ಜ್ವರ, ಬೆವರು ಇದೆಯೇ. ತೂಕ ಇಳಿದಿದೆಯೇ.
3. ಯಾವ ಸೂಜಿ, ಯಾವ ಗುಳಿಗೆ, ಎಷ್ಟು ದಿನ. ಖಾಲಿ ಪಾಕೀಟು ಎಸೆಯಬೇಡಿ.
4. ಸಕ್ಕರೆ, ಬಿಪಿ ಮುಂತಾದ ಹಳೆಯ ಕಾಯಿಲೆ.
5. ಮನೆಯಲ್ಲಿ ಯಾರಿಗೆ ಏನಾಗಿತ್ತು. ನಾಚಿಕೆಯ ಮಾತನ್ನೂ ಬರೆಯಿರಿ.

ಬೆನ್ನು ನೋವಿನ ಜೊತೆ ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಹಾಳೆಗೂ ಕಾಯಬೇಡಿ, ಅಂದೇ ದೊಡ್ಡ ದವಾಖಾನೆಗೆ ಹೋಗಿ. ಟಿಬಿ ಬಗ್ಗೆ ಕೇಳಲು ನಿಕ್ಷಯ್ ಉಚಿತ ಸಹಾಯವಾಣಿ 1800-11-6666.

ಬರೆದಿದ್ದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಸೋದರಮಾವನ ಮಾತು ಬಂದಾಗ ತಡೆದಳು. ಸ್ವಲ್ಪ ಹೊತ್ತು ಯೋಚಿಸಿ, "ಇರ್ಲಿ ಬಿಡು, ಅದೇ ಮುಖ್ಯ ಅದ" ಅಂದಳು.