ಇಸ್ಕೂಲಿನ ಗೆಳತಿ

ನಮ್ಮೂರ ಸರ್ಕಾರಿ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಹೊಸದಾಗಿ ಸೇರಿದ ಮಕ್ಕಳಲ್ಲಿ ಬಹಳಷ್ಟು 'ಇಸ್ಕೂಲು' ಅಂತಲೇ ಅನ್ನುತ್ತಿದ್ದವು. 'ಇಸ್ಕೂಲು ಅಲ್ಲ ಮಗಾ, ಸ್ಕೂಲು. ಎಲ್ಲಿ, ಹೇಳು ನೋಡೋಣ?' ಎಂದು ನಾನು. 'ಇಸ್... ಸ್ಕೂಲು' ಎಂದು ಅವು. ಆ 'ಇ'ಯನ್ನು ಓಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು ಅನ್ನಿ. ನಿವೃತ್ತಳಾದ ಮೇಲೆ, ಅದೂ ಸಮುದ್ರದಾಚೆಯ ಊರಲ್ಲಿ, ಅದೇ ಮಾತು ಮತ್ತೆ ನನ್ನ ಕಿವಿಗೆ ಬೀಳುತ್ತದೆಂದು ಯಾರು ಕಂಡಿದ್ದರು?

2017ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂ ಜೆರ್ಸಿಗೆ ಹೋಗಿದ್ದೆ. ಎಣ್ಣೆ ನೀರು, ಖಾರ, ಕಷಾಯ ಎಲ್ಲ ಮೂರು ತಿಂಗಳಲ್ಲಿ ಮುಗಿಯಿತು. ಮಗು ಮಲಗಿದರೆ ಮನೆಯಲ್ಲಿ ಗಡಿಯಾರದ ಸದ್ದೊಂದೇ. ಬೇಲಿಯ ಮೇಲಿಂದ ಮಾತಾಡಿಸಲು ಅಲ್ಲಿ ಬೇಲಿಯೂ ಇಲ್ಲ, ಮಾತಾಡುವವರೂ ಇಲ್ಲ. 'ಆಯಿ, ಪಬ್ಲಿಕ್ ಲೈಬ್ರರಿಯಲ್ಲಿ ವಾರಕ್ಕೆರಡು ದಿನ ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸ್ತಾರೆ. ದುಡ್ಡೇನೂ ಕೊಡೋದು ಬೇಡ. ಹೋಗಿ ಬಾ' ಎಂದಳು ಮಗಳು. 'ಈ ವಯಸ್ಸಿಗೆ ನನಗ್ಯಾಕೆ ಮಾರಾಯ್ತಿ?' ಅಂದೆ. ಆದರೂ ಒಳಗೊಳಗೆ ಆಸೆ ಇತ್ತು. ಓದಿದರೆ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ. ಬಾಯಿ ತೆರೆಯಬೇಕೆಂದರೆ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ. ಇದು ನನ್ನೊಬ್ಬಳ ಕಷ್ಟವಲ್ಲ, ನಿಮ್ಮಲ್ಲೂ ಕೆಲವರಿಗೆ ಇದ್ದೀತು.

ಲೈಬ್ರರಿಯ ದುಂಡು ಮೇಜಿನ ಸುತ್ತ ಏಳೆಂಟು ಜನ. ನಡೆಸುವವರು ನನ್ನ ಹಾಗೇ ನಿವೃತ್ತಳಾದ ಒಬ್ಬ ಟೀಚರು. ಪಕ್ಕದಲ್ಲಿ ಕೂತ ದಪ್ಪ ಜಡೆಯ ಹೆಂಗಸು ತನ್ನ ಪರಿಚಯ ಹೇಳಿಕೊಂಡಳು: 'ಐ ವಾಸ್ ಟೀಚರ್ ಇನ್ ಎಸ್ಕೂಲ್.'

ನನಗೆ ನಗು ತಡೆಯಲಾಗಲಿಲ್ಲ. ಅಪಹಾಸ್ಯದ ನಗುವಲ್ಲ, ನಮ್ಮೂರ ಮಕ್ಕಳೇ ಎದುರು ಬಂದು ನಿಂತ ಸಂತೋಷ. ಆಕೆ ಕೊಲಂಬಿಯಾದ ಕಾಲಿ ಎಂಬ ಊರಿನವಳು. ಮಾತೃಭಾಷೆ ಸ್ಪ್ಯಾನಿಷ್. ಅಲ್ಲಿ ಲೆಕ್ಕದ ಟೀಚರ್ ಆಗಿದ್ದವಳು 2010ರಲ್ಲಿ ಗಂಡನ ಜೊತೆ ಬಂದು, ಇಲ್ಲಿ ಲಾಂಡ್ರಿಯೊಂದರಲ್ಲಿ ಬಟ್ಟೆ ಮಡಚುವ ಕೆಲಸಕ್ಕೆ ಸೇರಿದ್ದಳು. ಅವರ ಭಾಷೆಯಲ್ಲಿ ಶಾಲೆಗೆ 'ಎಸ್ಕ್ವೇಲಾ' ಅನ್ನುತ್ತಾರಂತೆ. 'ಸ'ಕಾರದ ಒತ್ತಕ್ಷರದಿಂದ ಶಬ್ದ ಶುರುವಾಗುವುದೇ ಅಲ್ಲಿ ಇಲ್ಲ, ಮೊದಲಿಗೆ ಒಂದು 'ಎ' ಬೇಕೇ ಬೇಕು. ನಮ್ಮ ಮಕ್ಕಳಿಗೆ ಇ, ಅವರಿಗೆ ಎ. ಅಷ್ಟೇ ವ್ಯತ್ಯಾಸ.

ಹಾಗೆ ಬೆಳೆದ ಸ್ನೇಹ. ವಾರಕ್ಕೆರಡು ದಿನ ಸಾಲದೆಂದು ಆಕೆ ಕೆಲಸ ಮುಗಿಸಿ ಬರುವಾಗ ಮಗಳ ಮನೆಗೇ ಬರತೊಡಗಿದಳು. ಮೆಕ್ಕೆಜೋಳದ ಹಿಟ್ಟಿನ 'ಅರೇಪಾ' ತರುತ್ತಿದ್ದಳು. ದಪ್ಪಗೆ ತಟ್ಟಿದ ರೊಟ್ಟಿಯೇ ಅದು. ನಾನು ದೋಸೆ ಹುಯ್ದು ಕೊಡುತ್ತಿದ್ದೆ. ಒಮ್ಮೆ ಬಚ್ಚಲಿಗೆಂದು ತಂದಿಟ್ಟ ಬಕೆಟನ್ನು ಆಕೆ 'ಬಾಲ್ದೆ' ಎಂದಾಗ ನಾನು ಚಪ್ಪಾಳೆ ತಟ್ಟಿದೆ. ನಮ್ಮ ಕರಾವಳಿಯ ಬಾಲ್ದಿ! ಪೋರ್ಚುಗೀಸರು ನಮ್ಮ ತೀರಕ್ಕೆ ತಂದಿಳಿಸಿದ್ದು. ಸ್ಪ್ಯಾನಿಷಿಗೂ ಪೋರ್ಚುಗೀಸಿಗೂ ಅಕ್ಕತಂಗಿ ಸಂಬಂಧ. ಅಂದಮೇಲೆ ನಾವೂ ದೂರದ ನೆಂಟರೇ ಆದೆವಲ್ಲ!

ಆಕೆಯ ಇಂಗ್ಲಿಷ್ ನನ್ನದಕ್ಕಿಂತ ಮೇಲೇ ಇತ್ತು. ಭಾಷೆ ಕಲಿಯುವುದಕ್ಕೆ ಯುರೋಪಿನವರು ಆರು ಮೆಟ್ಟಿಲು ಮಾಡಿಟ್ಟಿದ್ದಾರಂತೆ. ಆಕೆ ನಾಲ್ಕನೆಯದರಲ್ಲಿ ನಿಂತಿದ್ದಳು. 'ಇದೇ ಕೆಟ್ಟ ಮೆಟ್ಟಿಲು. ಸಂತೆಗೆ ಸಾಕು, ಸಭೆಗೆ ಸಾಲದು' ಎಂಬರ್ಥದಲ್ಲಿ ಆಕೆ ನಗುತ್ತಿದ್ದಳು. ಮೊದಲ ಮೂರು ಮೆಟ್ಟಿಲಲ್ಲಿ ದಿನಾ ಹೊಸದು ಕಲಿತ ಖುಷಿ ಇರುತ್ತದೆ. ನಾಲ್ಕನೆಯದರಲ್ಲಿ ನಿಮ್ಮ ಮಾತು ಎಲ್ಲರಿಗೂ ಅರ್ಥವಾಗುವುದರಿಂದ ಯಾರೂ ತಿದ್ದುವುದಿಲ್ಲ. ಹಳೆಯ ತಪ್ಪುಗಳು ಅಲ್ಲೇ ಬೇರು ಬಿಡುತ್ತವೆ.

ಆ ತಪ್ಪುಗಳೋ, ನಮ್ಮವನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ! ಸ್ಪ್ಯಾನಿಷಿನಲ್ಲಿ ಬ ಮತ್ತು ವ ಎರಡಕ್ಕೂ ಉಚ್ಚಾರ ಒಂದೇ. 'ವೆರಿ ಗುಡ್' ಆಕೆಯ ಬಾಯಲ್ಲಿ 'ಬೆರಿ ಗುಡ್' ಆಗುತ್ತಿತ್ತು. ನಗಬೇಡಿ, ವನವನ್ನು ಬನ, ವರ್ಣವನ್ನು ಬಣ್ಣ, ವಸತಿಯನ್ನು ಬಸದಿ ಮಾಡಿಕೊಂಡವರು ನಾವೂ ಅಲ್ಲವೇ? ನನ್ನ ತೊಂದರೆ ಬೇರೆ. ಇಂಗ್ಲಿಷಿನಲ್ಲಿ ಎರಡು ವ ಇವೆ, ನಮಗೆ ಒಂದೇ. ಮೈಮೇಲೆ ಹಾಕುವ ವೆಸ್ಟಿಗೂ ಪಡುವಣ ದಿಕ್ಕಿನ ವೆಸ್ಟಿಗೂ ನನ್ನಲ್ಲಿ ಭೇದವಿರಲಿಲ್ಲ. ಟೀಚರು ಇಬ್ಬರ ಕೈಗೂ ಪುಟ್ಟ ಕನ್ನಡಿ ಕೊಟ್ಟರು. ಅಂಗಿಯ ವೆಸ್ಟಿಗೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ದಿಕ್ಕಿನದಕ್ಕೆ ಹಲ್ಲು ಕಾಣಲೇಬಾರದು, ತುಟಿ ಸೀಟಿ ಹೊಡೆಯುವ ಹಾಗೆ ದುಂಡಗಾಗಬೇಕು. ನಾವಿಬ್ಬರೂ ಕನ್ನಡಿ ಹಿಡಿದು ಹಲ್ಲು ಕಿರಿಯುವುದು, ತುಟಿ ಚೂಪು ಮಾಡುವುದು ನೋಡಿ ಮಗಳು ಬಾಗಿಲಲ್ಲೇ ನಿಂತು ನಕ್ಕಿದ್ದೇ ನಕ್ಕಿದ್ದು.

ಒಂದು ಕಡೆ ಮಾತ್ರ ನಾನು ಗುರು. ಅವರ ಸ್ವರಗಳು ಐದೇ ಐದು. ಶಬ್ದದ ಅರ್ಥ ಬದಲಿಸುವ ಹ್ರಸ್ವ ದೀರ್ಘ ಅವರಲ್ಲಿಲ್ಲ. ಹಡಗಿನ 'ಶಿಪ್' ಮತ್ತು ಕುರಿಯ 'ಶೀಪ್' ಎರಡೂ ಆಕೆಗೆ ಒಂದೇ. ನಾನು ನಮ್ಮ ಕಾಗುಣಿತ ಹೇಳಿಕೊಟ್ಟೆ. ಕಿ, ಕೀ, ಕು, ಕೂ ಎಂದು ತಾಳ ಹಾಕುತ್ತ ಕೊಲಂಬಿಯಾದ ಲೆಕ್ಕದ ಟೀಚರು ನನ್ನ ಅಡುಗೆಮನೆಯಲ್ಲಿ ಒಂದನೆಯ ತರಗತಿಗೆ ಸೇರಿದಳು. ಬರೀ ಉದ್ದ ಮಾಡಿದರೆ ಸಾಲದು, ಹಡಗಿನ ಇ ಹೇಳುವಾಗ ನಾಲಿಗೆ ಸ್ವಲ್ಪ ಸಡಿಲವಾಗಬೇಕು ಎಂದು ಟೀಚರು ಮುಂದಿನ ಪಾಠದಲ್ಲಿ ನನ್ನನ್ನೂ ತಿದ್ದಿದರು. ಎಸ್ಕೂಲಿನ 'ಎ' ಓಡಿಸಲು ಅವರದೊಂದು ಉಪಾಯ: ಮೊದಲು ಹಾವಿನ ಹಾಗೆ 'ಸ್ಸ್ಸ್' ಎಂದು ಉಸಿರೆಳೆದು ಆಮೇಲೆ 'ಕೂಲ್' ಅನ್ನುವುದು. ಮೂವತ್ತೊಂದು ವರ್ಷ ಈ ಹಾವು ನನಗೆ ಹೊಳೆದಿರಲಿಲ್ಲವಲ್ಲ ಎಂದು ಪಶ್ಚಾತ್ತಾಪವಾಯಿತು.

ವ್ಯಾಕರಣದಲ್ಲೂ ಅಷ್ಟೇ. ಆಕೆ 'ಐ ಹ್ಯಾವ್ ಫಾರ್ಟಿಫೋರ್ ಇಯರ್ಸ್' ಅನ್ನುತ್ತಿದ್ದಳು. ಅವರಲ್ಲಿ ವಯಸ್ಸು ಇರುವಂಥದ್ದು, ಹಸಿವೂ ಇರುವಂಥದ್ದು. ನಾವೂ 'ನನಗೆ ನಲವತ್ತನಾಲ್ಕು ವರ್ಷ, ನನಗೆ ಹಸಿವು' ಅನ್ನುತ್ತೇವೆಯೇ ಹೊರತು ನಾನೇ ಹಸಿವು ಎನ್ನುವುದಿಲ್ಲ. 'ನನಗೆ ಕಾಫಿ ಇಷ್ಟ' ಎನ್ನುವ ನಮ್ಮ ಮಾತಿನ ಕಟ್ಟೇ ಅವರದೂ. ಮೇಕ್, ಡೂ ಎರಡಕ್ಕೂ ಅವರಲ್ಲಿ ಒಂದೇ ಕ್ರಿಯಾಪದ. ನಮ್ಮಲ್ಲೂ ಅಡುಗೆ ಮಾಡು, ಪಾಠ ಮಾಡು, ತಪ್ಪು ಮಾಡು, ಎಲ್ಲಕ್ಕೂ 'ಮಾಡು'. 'ಇಟ್ ಈಸ್ ರೇನಿಂಗ್' ಎನ್ನುವಾಗ ಆಕೆ 'ಇಟ್' ನುಂಗಿಬಿಡುತ್ತಿದ್ದಳು. ಅವರಲ್ಲಿ ಕ್ರಿಯಾಪದ ಒಂದೇ ಹೇಳಿದರೆ ಮಳೆ ಸುರಿಯುತ್ತದೆ. 'ಈ ಇಟ್ ಅಂದರೆ ಯಾರು? ದೇವರೇ?' ಎಂದು ಒಮ್ಮೆ ಟೀಚರನ್ನು ಕೇಳಿದಳು. ಟೀಚರಿಗೂ ಉತ್ತರ ಹೊಳೆಯಲಿಲ್ಲ.

ಎಲ್ಲಕ್ಕಿಂತ ನಗು ತಂದದ್ದು 'ಎಂಬಾರಸ್ಡ್' ಎಂಬ ಶಬ್ದ. ಸ್ಪ್ಯಾನಿಷಿನಲ್ಲಿ 'ಎಂಬರಸಾದಾ' ಎಂದರೆ ಬಸುರಿ. ಹೊಸದಾಗಿ ಬಂದಾಗ ಆಕೆ ಮುಜುಗರವಾಯಿತೆಂದು ಹೇಳಿದ ಗೆಳತಿಗೆ ಶುಭಾಶಯ ಹೇಳಿದ್ದಳಂತೆ! ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿದ್ದವಳು ತಟ್ಟನೆ ಸುಮ್ಮನಾದಳು. 'ಆದರೆ ಆ ಶಬ್ದ ನನಗೆ ಬಹಳ ದುಬಾರಿಯಾಯಿತು' ಎಂದಳು.

2013ರಲ್ಲಿ ಆಕೆಯ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು. ಆಗ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಗಂಡ ಕೆಲಸ ಬಿಟ್ಟು ಬರುವಂತಿರಲಿಲ್ಲ. ಇಲ್ಲಿನ ಶಾಲೆಗೆ ಹೋಗುತ್ತಿದ್ದ ಹತ್ತು ವರ್ಷದ ಮಗನನ್ನೇ ದುಭಾಷಿಯಾಗಿ ಕರೆದುಕೊಂಡು ಹೋದಳು. ವೈದ್ಯರು ಬೇಗ ಬೇಗ ಏನೋ ಹೇಳಿದರು. ಹುಡುಗನ ಮುಖ ಕೆಂಪಾಯಿತು. ತಾಯಿಯ ಎದೆಯ ಮಾತು, ಹತ್ತು ವರ್ಷದ ಗಂಡು ಹುಡುಗ, ಹೇಗೆ ಹೇಳಿಯಾನು? 'ಏನಿಲ್ಲಮ್ಮಾ, ಎಲ್ಲ ಸರಿಯಾಗಿದೆಯಂತೆ' ಎಂದುಬಿಟ್ಟ. ಮುಂದಿನ ಪರೀಕ್ಷೆಗೆ ಬರೆದುಕೊಟ್ಟ ಚೀಟಿ ಅವನ ಪಾಟೀಚೀಲದಲ್ಲೇ ಉಳಿಯಿತು. ಐದು ತಿಂಗಳ ನಂತರ ನೋವು ಶುರುವಾಗಿ ಬೇರೆ ಕಡೆ ಹೋದಾಗ, ಸ್ಪ್ಯಾನಿಷ್ ಬಲ್ಲ ನರ್ಸು ಹಳೆಯ ಕಾಗದ ನೋಡಿ, 'ಆಗಲೇ ಹೇಳಿದ್ದರಲ್ಲಾ, ಯಾಕೆ ಬರಲಿಲ್ಲ?' ಎಂದು ಕೇಳಿದಳು. ಮಗ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

'ನಾನು ಅವನನ್ನು ಬೈಯಲಿಲ್ಲ' ಎಂದಳು ಆಕೆ. 'ಅವನ ತಪ್ಪಲ್ಲ. ಆ ಭಾರ ಅವನ ತಲೆಯ ಮೇಲೆ ಇಟ್ಟವಳು ನಾನು. ಶಸ್ತ್ರಕ್ರಿಯೆಯಾಯಿತು, ಬದುಕಿಕೊಂಡೆ. ಅವತ್ತೇ ನಿಶ್ಚಯ ಮಾಡಿದೆ, ನನ್ನ ಮೈಯ ಸುದ್ದಿ ಇನ್ನು ಮೇಲೆ ನನ್ನ ಕಿವಿಗೇ ಮೊದಲು ಬರಬೇಕು.'

ತುರ್ತಿನ ಹೊತ್ತನ್ನು ಬಿಟ್ಟು ಮಕ್ಕಳಿಂದ ಹೀಗೆ ಭಾಷಾಂತರ ಮಾಡಿಸಬಾರದೆಂದು 2016ರಲ್ಲಿ ಅಲ್ಲಿ ಸ್ಪಷ್ಟ ನಿಯಮವೇ ಬಂತು. ಆಕೆಯ ಪಾಲಿಗೆ ಮೂರು ವರ್ಷ ತಡವಾಗಿ.

ನಾನು ಒಲೆಯ ಮುಂದೆ ಹಾಗೇ ನಿಂತೆ. ನನಗೆ ನನ್ನದೇ ಕತೆ ನೆನಪಾಗಿತ್ತು. ನಲವತ್ತಾರರಲ್ಲಿ ಗರ್ಭಕೋಶದ ಶಸ್ತ್ರಕ್ರಿಯೆಗೆಂದು ಪೇಟೆಯ ಆಸ್ಪತ್ರೆಗೆ ಸೇರಿದ್ದೆ. ವೈದ್ಯರು ನಮ್ಮವರೇ, ಕನ್ನಡ ಚೆನ್ನಾಗಿ ಬಲ್ಲವರು. ಆದರೂ ಹಾಸಿಗೆಯ ಪಕ್ಕ ನಿಂತು ನನ್ನ ಗಂಡನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಿದರು. ನನ್ನ ಒಡಲಿನ ಮಾತು ನನ್ನ ತಲೆಯ ಮೇಲಿಂದ ಈ ಕಡೆ ಆ ಕಡೆ ಹಾರಾಡಿತು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಟೀಚರಾಗಿ ಕೇಳುವುದು ಹೇಗೆಂದು ನಾಚಿಕೆ. ತಲೆಯಾಡಿಸಿದೆ. ಅಂಡಾಶಯಗಳನ್ನೂ ತೆಗೆದಿದ್ದಾರೆಂದು ತಿಳಿದದ್ದು ಮನೆಗೆ ಬಂದ ಮೇಲೆ, ಕಾಗದ ಓದಿದಾಗ. 'ನಿನಗೆ ಗಾಬರಿಯಾಗ್ತದೆ ಅಂತ ಹೇಳಲಿಲ್ಲ' ಎಂದರು ಇವರು. ಇದನ್ನು ನಾನು ಅಲ್ಲಿಯವರೆಗೆ ಮಗಳಿಗೂ ಹೇಳಿರಲಿಲ್ಲ. ಒಡಕು ಇಂಗ್ಲಿಷಿನಲ್ಲಿ ಆಕೆಗೆ ಹೇಳಿದೆ. ಕಾಲ, ವಚನ ಎಲ್ಲ ತಪ್ಪಿರಬೇಕು. ಆಕೆ ತಿದ್ದಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಸಟ್ಟುಗ ತೆಗೆದುಕೊಂಡು ಹೊತ್ತುತ್ತಿದ್ದ ದೋಸೆ ಮಗುಚಿಹಾಕಿದಳು.

ಅಲ್ಲಿಂದ ಮುಂದೆ ನಮ್ಮ ಅಭ್ಯಾಸದ ರೀತಿಯೇ ಬದಲಾಯಿತು. ನಾನು ವೈದ್ಯೆ, ಆಕೆ ರೋಗಿ; ಮರುದಿನ ಆಕೆ ವೈದ್ಯೆ, ನಾನು ರೋಗಿ. 'ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ', 'ಈ ಶಬ್ದ ಬರೆದುಕೊಡಿ', 'ನಾನು ಅರ್ಥ ಮಾಡಿಕೊಂಡದ್ದು ಸರಿಯೇ?' ಈ ಮೂರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಉರುಹೊಡೆದೆವೆಂದರೆ ತೊಟ್ಟಿಲ ಮಗುವಿಗೂ ಬಾಯಿಪಾಠ ಬಂದಿರಬೇಕು. ಮೊಬೈಲಿನಲ್ಲಿ ನಮ್ಮ ಧ್ವನಿ ಹಿಡಿದು ಕೇಳುವುದು, ತಪ್ಪಿದ ಕಡೆ ಮತ್ತೆ ಹೇಳುವುದು.

ನಾನು ಊರಿಗೆ ಹೊರಡುವ ಹಿಂದಿನ ವಾರ ಆಕೆಯ ವರ್ಷದ ತಪಾಸಣೆ. ಸಂಜೆ ಓಡುತ್ತಲೇ ಬಂದಳು. ಹದಿನಾಲ್ಕರ ಮಗ ಹೊರಗೆ ಕೂತು ತನ್ನ ಪುಸ್ತಕ ಓದುತ್ತಿದ್ದನಂತೆ. ಒಳಗೆ ಈಕೆ ಒಬ್ಬಳೇ. ಮೂರೂ ವಾಕ್ಯ ಹೇಳಿದಳಂತೆ. 'ವಯಸ್ಸೆಷ್ಟು?' ಎಂದು ಕೇಳಿದಾಗ ಮಾತ್ರ ಗಾಬರಿಯಲ್ಲಿ ಮತ್ತೆ 'ಐ ಹ್ಯಾವ್ ಫಾರ್ಟಿಫೋರ್ ಇಯರ್ಸ್'! ವೈದ್ಯೆಗೆ ಅರ್ಥವಾಯಿತು, ಬರೆದುಕೊಂಡರು, ಆಕಾಶ ಕಳಚಿ ಬೀಳಲಿಲ್ಲ. ಗಂಟು ಮತ್ತೆ ಬಂದಿರಲಿಲ್ಲ. ಹೊರಗೆ ಬಂದಾಗ ಮಗ 'ಏನಂದರಮ್ಮಾ?' ಎಂದು ಕೇಳಿದನಂತೆ. ಇಷ್ಟು ವರ್ಷದಲ್ಲಿ ಅವನು ಆ ಪ್ರಶ್ನೆ ಕೇಳುವಂತಾದದ್ದು ಅದೇ ಮೊದಲು.

ಊರಿಗೆ ಬಂದು ಕೆಲವು ತಿಂಗಳಾದ ಮೇಲೆ ರಕ್ತದೊತ್ತಡ ಜಾಸ್ತಿಯಾಗಿ ವೈದ್ಯರಲ್ಲಿಗೆ ಹೋದೆ. ಮಗ ಜೊತೆಗಿದ್ದ. ವೈದ್ಯರು ಕಾಗದ ನೋಡಿದವರು ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ಎದೆ ಡವಡವ ಅಂದಿತು. ಆ ಮೂರು ವಾಕ್ಯಗಳು ಬಾಯಿ ತುದಿಯಲ್ಲಿದ್ದವು. ಆದರೆ ಬಾಯಿಗೆ ಬಂದದ್ದು ಬೇರೆ.

'ಡಾಕ್ಟ್ರೇ, ಕಾಯಿಲೆ ನನ್ನದು. ನನಗೇ ಹೇಳಿ. ಕನ್ನಡದಲ್ಲಿ ಹೇಳಿ, ಸ್ವಲ್ಪ ನಿಧಾನವಾಗಿ ಹೇಳಿ' ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಕುರ್ಚಿ ನನ್ನ ಕಡೆ ಎಳೆದುಕೊಂಡು ಎಲ್ಲ ಬಿಡಿಸಿ ಹೇಳಿದರು. ಅಷ್ಟು ಚೆಂದದ ಕನ್ನಡ ಅವರಿಗೆ ಬರುತ್ತದೆಂದು ನನ್ನ ಮಗನಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಗೆಳತಿಗೆ ಇದನ್ನೆಲ್ಲ ಮೊಬೈಲಿನಲ್ಲಿ ಮಾತಾಡಿ ಕಳಿಸಿದೆ. ಬೆಳಿಗ್ಗೆ ನೋಡಿದರೆ ಉತ್ತರ ಬಂದಿತ್ತು. ಮೊದಲು ದೊಡ್ಡ ನಗು, ಆಮೇಲೆ ಹಾವಿನ ಬುಸುಗುಟ್ಟುವಿಕೆ: 'ಸ್ಸ್ಸ್... ಸ್ಕೂಲ್!' ಎಷ್ಟು ಕಿವಿಗೊಟ್ಟು ಕೇಳಿದರೂ ಮುಂದೆ 'ಎ' ಇರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಬೇಸರವೇ ಆಯಿತು.