ಮೂಳೆಯ ತಿಂಗಳು

ತಮ್ಮನ ಮಗಳು ಎಂಬಿಬಿಎಸ್ ಎರಡನೇ ವರ್ಷಕ್ಕೆ ಬಂದಿದ್ದಾಳೆ. ಮೊನ್ನೆ ನಮ್ಮೂರು ಹನಗೋಡಿಗೆ ಬಂದವಳು ಜಗಲಿಯ ಮೇಲೆ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ತನ್ನ ಕ್ಲಿನಿಕಲ್ ಪೋಸ್ಟಿಂಗಿನ ಪಟ್ಟಿ ತೋರಿಸಿದಳು. ಮೆಡಿಸಿನ್ನಿಗೆ ಹಳದಿ, ಸರ್ಜರಿಗೆ ಕೆಂಪು, ಹೆರಿಗೆಗೆ ಗುಲಾಬಿ. ಕನ್ನಡಕ ತೆಗೆದು ನೋಡಿದರೆ ಚೌಕಾಬಾರದ ಮನೆಗಳ ಹಾಗೆ ಕಾಣುತ್ತಿತ್ತು. “ದೊಡ್ಡಪ್ಪ, ಪರೀಕ್ಷೆಗೆ ಓದೋಕೂ ಟೈಮ್ ಸಿಗೋ ಹಾಗೆ ಇದನ್ನ ಹೇಗೆ ಹೊಂದಿಸ್ಕೊಳ್ಳಲಿ?” ಎಂದಳು. ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ. ಹೇಳಲು ಏನೂ ತೋಚಲಿಲ್ಲ. ನನ್ನ ಪಟ್ಟಿಯನ್ನು ನಾನು ಹೊಂದಿಸಿಕೊಂಡಿದ್ದೇ ಇಲ್ಲ. ಅದನ್ನು ಹೊಂದಿಸಿಕೊಂಡಿದ್ದು ನಮ್ಮ ಊರು.

ನಾನು ಮೈಸೂರಿನಲ್ಲಿ ಹೌಸ್ ಸರ್ಜನ್ ಆಗಿದ್ದಾಗ ನಮ್ಮ ಪಟ್ಟಿ ಹೀಗಿತ್ತು. ಮೆಡಿಸಿನ್, ಸರ್ಜರಿ, ಹೆರಿಗೆ, ಹಳ್ಳಿಯ ಆರೋಗ್ಯ, ಒಂದೊಂದಕ್ಕೂ 2 ತಿಂಗಳು. ಮಕ್ಕಳಿಗೆ 1, ಮೂಳೆಗೆ 1. ಕಣ್ಣಿಗೆ 15 ದಿನ, ಕಿವಿ-ಮೂಗು-ಗಂಟಲು ಮೂರಕ್ಕೂ ಸೇರಿ 15 ದಿನ. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ದಿನ ಅದರ ಮುಂದೆ ಸಂತೆಯಷ್ಟು ಜನ. ಹಬ್ಬದ ವಾರಕ್ಕೆ ಕ್ಯಾಶುವಾಲ್ಟಿ ಬಿದ್ದವನು ಕಣ್ಣಿಗೆ ಬಿದ್ದವನನ್ನು ಕ್ಯಾಂಟೀನಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸುವನು. ಅದಲು ಬದಲಿನ ದರ ಒಂದು ದೋಸೆ, ಎರಡು ಕಾಫಿ. ದೀಪಾವಳಿಯಾದರೆ ದೋಸೆ ಎರಡಾಗುತ್ತಿತ್ತು.

ಪಟ್ಟಿಯ ಒಂದು ನಕಲನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಪ್ಪನಿಗೆ ಕೊಟ್ಟಿದ್ದೆ. ಅಪ್ಪ ಅದನ್ನು ತಂಬಾಕಿನ ಸೊಪ್ಪು ಬೇಯಿಸುವ ಬ್ಯಾರನ್ನಿನ ಹೊರಗೋಡೆಗೆ, ತಾನು ಕೂರುವ ಚಪ್ಪರದ ಕೆಳಗೆ, ಅನ್ನದ ಅಗುಳು ಹಚ್ಚಿ ಅಂಟಿಸಿದ. ಬೆಂಕಿ ಕಾಯಲು ಸಹಾಯಕ್ಕೆ ಬರುವವರು, ಬೀಡಿ ಹಚ್ಚಲು ಕೊಳ್ಳಿ ಕೇಳಿ ಬರುವವರು, ಎಲ್ಲರೂ ಓದಿದರು. ಓದು ಬಾರದವರು ಓದಿಸಿಕೊಂಡರು. ಆಮೇಲೆ ನಾನು ಹುಣಸೂರಿನಲ್ಲಿ ಬಸ್ಸು ಬದಲಿಸಿ ಊರಲ್ಲಿ ಇಳಿದರೆ ಸಾಕು, ಕುಶಲ ಕೇಳುವ ರೀತಿಯೇ ಬೇರೆಯಾಯಿತು: “ಏನ್ ಮಗಾ, ಈಗ ಯಾವ ಕಾಯ್ಲೇಲಿದ್ದೀಯ?”

ಊರಿನವರು ಪಟ್ಟಿಗೆ ಕೊಟ್ಟ ಮರ್ಯಾದೆಯನ್ನು ನನ್ನ ಪ್ರೊಫೆಸರುಗಳೂ ಕೊಟ್ಟಿರಲಿಕ್ಕಿಲ್ಲ. ಕಣ್ಣಿನ 15 ದಿನದಲ್ಲಿ ಕಣ್ಣಿನವರು ಮಾತ್ರ ಬಂದರು. ಎದೆ ಉರಿಯವರೊಬ್ಬರು ಬಾಗಿಲ ತನಕ ಬಂದು, ಇನ್ನೂ ಕಿವಿಯ ಪಕ್ಷ ಮುಗಿದಿಲ್ಲ ಎಂದು ತಿಳಿದು, ಕ್ಷಮೆ ಕೇಳುವವರಂತೆ ವಾಪಸು ಹೋದರು. ಹೆರಿಗೆಯ 2 ತಿಂಗಳು ನಾನು ಊರ ಕಡೆ ತಲೆ ಹಾಕಲಿಲ್ಲ. ಹೋಗಿದ್ದರೆ ಸೂಲಗಿತ್ತಿ ಅಜ್ಜಿ ನನ್ನ ಜ್ಞಾನವನ್ನು ಪರೀಕ್ಷಿಸುತ್ತಿದ್ದಳು. ಫಲಿತಾಂಶ ನನಗೆ ಗೊತ್ತೇ ಇತ್ತು.

ಅಪ್ಪನಿಗೆ ಮಾತ್ರ ಪಟ್ಟಿಯಲ್ಲಿ ಪೂರ್ತಿ ಅರ್ಥವಾದ ಪದ ಒಂದೇ: ರಾತ್ರಿ ಡ್ಯೂಟಿ. ಸೊಪ್ಪು ಬೇಯಿಸುವವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ ತುಂಬಿ ಬೆಂಕಿ ಹಾಕಿದರೆ ಐದಾರು ದಿನ ನಿದ್ದೆ ಅರ್ಧ. ಮೊದಲು ಎಲೆ ಹಳದಿಗೆ ತಿರುಗುವ ಸಣ್ಣ ಕಾವು, ಆಮೇಲೆ ಎಲೆ ಒಣಗುವ ಕಾವು, ಕೊನೆಗೆ ನಡುನರ ಒಣಗಲು 160 ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರದ ಕಾವು. ಅವಸರ ಮಾಡಿದರೆ ಎಲೆ ಹಸಿರಾಗಿಯೇ ಒಣಗಿ ಹರಾಜಿನಲ್ಲಿ ಮುಖ ಕೆಳಗಾಗುತ್ತದೆ. ಅಪ್ಪ ಗಂಟೆಗೊಮ್ಮೆ ಟಾರ್ಚು ಹಿಡಿದು ಥರ್ಮಾಮೀಟರು ನೋಡುತ್ತಿದ್ದ. “ನೀನೂ ಜ್ವರ ನೋಡ್ತೀಯ, ನಾನೂ ಜ್ವರ ನೋಡ್ತೀನಿ. ನಿನ್ನವರದು ಇಳೀಬೇಕು, ನಂದು ಏರಬೇಕು, ಅಷ್ಟೇ” ಎನ್ನುತ್ತಿದ್ದ.

ಆ ವರ್ಷ ಮೂಳೆಯ ತಿಂಗಳು ನನಗೆ ಬಿದ್ದದ್ದು ಆಗಸ್ಟಿಗೆ. ಅವ್ವನ ಮಂಡಿ ನೋವು ಅಷ್ಟರಲ್ಲಿ ಎರಡು ವರ್ಷ ಹಳೆಯದು. ಯುಗಾದಿಯಿಂದಲೇ ಅವಳು ಅದನ್ನು ಆಗಸ್ಟಿಗೆ ಎತ್ತಿಟ್ಟಿದ್ದಳು, ಮದುವೆಗೆಂದು ಸೀರೆ ಎತ್ತಿಡುವ ಹಾಗೆ. ಆದರೆ ಆಗಸ್ಟೆಂದರೆ ನಮ್ಮ ಕಡೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬೇಯಿಸುವ ಕಾಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಆಗ ಸಾಯಲೂ ಪುರುಸೊತ್ತಿಲ್ಲ ಎನ್ನುವುದು ಬರೀ ಮಾತಲ್ಲ. ದಿನಕ್ಕೆ ನೂರು ಸಲ ಬಗ್ಗಿ ಏಳುವ ಮಂಡಿ ಮೈಸೂರಿನ ಬಸ್ಸು ಹತ್ತಲಿಲ್ಲ. ಸೆಪ್ಟೆಂಬರಿನಲ್ಲಿ ನಾನು ಕೇಳಿದಾಗ, “ಬಿಡು, ಮೂಳೆ ತಿಂಗ್ಳು ಮುಗೀತಲ್ಲ. ನಿಂಗೀಗ ಮಕ್ಕಳದು” ಎಂದಳು. ಮಂಡಿಯ ವಿಷಯ ನನ್ನ ಹತ್ತಿರ ಮತ್ತೆ ಎತ್ತಲಿಲ್ಲ.

ನಾನಾದರೂ ಆ ತಿಂಗಳು ಊರಿಗೆ ಹೋಗಬಹುದಿತ್ತು. ಒಂದು ಶನಿವಾರ ರಜವೂ ಇತ್ತು. ಅಂಗಡಿಯ ಫೋನಿಗೆ ಕರೆ ಮಾಡಿ “ರಾತ್ರಿ ಡ್ಯೂಟಿ ಇದೆ, ಬರಕ್ಕಾಗಲ್ಲ” ಎಂದೆ. ಅವತ್ತು ಗೆಳೆಯರ ಜೊತೆ ಸೆಕೆಂಡ್ ಷೋ ಸಿನಿಮಾ ನೋಡಿದೆ. ಸಿನಿಮಾ ಯಾವುದೆಂದು ಈಗ ನೆನಪಿಲ್ಲ.

ಪಟ್ಟಿ ಮೀರಿದವರೂ ನಮ್ಮ ಸೀಮೆಯಲ್ಲಿದ್ದರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಎಚ್.ಡಿ. ಕೋಟೆಯ ಹಾಡಿಗಳಿಗೆ ಹೋಗಿ ಅಲ್ಲೇ ನಿಂತರು. ಜೇನುಕುರುಬರ ಗುಡಿಸಲಿನ ಮುಂದೆ ಇದು ಕಿವಿಯ ಪಕ್ಷವೋ ಮೂಳೆಯ ತಿಂಗಳೋ ಎಂದು ಅವರು ಕೇಳಿರಲಾರರು. ನನಗೆ ಆ ಎದೆ ಇರಲಿಲ್ಲ. ನಾನು ಕಣ್ಣಿನ ಡಾಕ್ಟರಾದೆ; 15 ದಿನದ ಪೋಸ್ಟಿಂಗು ಆಯುಷ್ಯಪೂರ್ತಿಗೆ ಆಯಿತು. ಅವ್ವ ಎರಡೂ ಕಣ್ಣಿನ ಪೊರೆ ನನ್ನ ಕೈಯಲ್ಲೇ ತೆಗೆಸಿಕೊಂಡಳು. ಅವಳ ಪಾಲಿಗೆ ಮಂಡಿ ನನ್ನ ಇಲಾಖೆಯದ್ದಲ್ಲ.

ಅಪ್ಪ ತೀರಿಹೋದ ಮೇಲೆ ಬ್ಯಾರನ್ನಿನ ಚಪ್ಪರ ಬಿಚ್ಚುವಾಗ ಪಟ್ಟಿ ಸಿಕ್ಕಿತು. ಹೊಗೆ ಕುಡಿದು ಕುಡಿದು ಒಂದನೇ ದರ್ಜೆಯ ಸೊಪ್ಪಿನ ಬಣ್ಣಕ್ಕೆ ಬಂದಿತ್ತು. ಆಗಸ್ಟಿನ ಸಾಲಿನ ಪಕ್ಕ, ಆ ಶನಿವಾರದ ತಾರೀಖು ಹಾಕಿ, ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದ: “ಬ್ಯಾರನ್ ಮೂರನೇ ದಿನ. ಮಗನೂ ಎದ್ದಿದ್ದಾನೆ.” ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ತಮ್ಮ ಏನೆಂದು ಕೇಳಿದ. ಹಳೇ ಚೀಟಿ ಎಂದೆ.

ತಮ್ಮನ ಮಗಳಿಗೆ ಇದ್ಯಾವುದನ್ನೂ ಹೇಳಲಿಲ್ಲ. ಅವಳು ಹೇಳುತ್ತಿದ್ದಳು: ಈಗ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡುತ್ತಿರಬೇಕಂತೆ, ಹೌಸ್ ಸರ್ಜನ್ ಆದಾಗ ಹಳ್ಳಿಯ ಆರೋಗ್ಯಕ್ಕೇ 12 ವಾರವಂತೆ. ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಅಲ್ಲಿಂದಲೇ ಕೂಗಿದಳು: “ನಮ್ಮನೇನೂ ಒಂದು ದತ್ತು ತಕ್ಕೊಳ್ಳವ್ವ.” ಹುಡುಗಿ ನಕ್ಕಳು. ನಾನೂ ನಕ್ಕೆ.

ಆಮೇಲೆ ಅವ್ವ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಹೊರಗೆ ಬಂದಳು. ಈ ವರ್ಷ ಅವಳಿಗೆ ಎಪ್ಪತ್ತೆಂಟು. ಮಂಡಿಗೆ ಆಪರೇಷನ್ ಮಾಡಿಸೋಣ, ಒಳ್ಳೆಯ ಡಾಕ್ಟರು ನನ್ನ ಸ್ನೇಹಿತರೇ ಎಂದು ಹತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ. ಅವಳು ನನ್ನ ಕಡೆ ನೋಡದೆ ಮೊಮ್ಮಗಳ ಮೊಬೈಲಿನೊಳಗೆ ಇಣುಕಿ, “ಇದ್ರಲ್ಲಿ ಮೂಳೆ ಯಾವಾಗ ಬತ್ತದೆ?” ಎಂದು ಕೇಳಿದಳು.

ಹುಡುಗಿ ಬೆರಳಿನಿಂದ ಚೌಕಗಳನ್ನು ಸರಿಸಿ ಸರಿಸಿ ಹುಡುಕಿದಳು. ಆಗಸ್ಟಿನಲ್ಲಿತ್ತು.